ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮ ಕಡೆ ಮಕ್ಕಳು ಬೀದಿಯಲ್ಲಿ ಆಟಕ್ಕೆ ನಿಂತರೆ ಅಲ್ಲೊಂದು ಪುಟ್ಟ ಸಮಸ್ಯೆ ಇದ್ದೇ ಇರುತ್ತದೆ. ಯಾರದೋ ಮನೆಯ ನಾಲ್ಕು ವರ್ಷದ ಕೂಸು ಅಕ್ಕನ ಲಂಗ ಹಿಡಿದುಕೊಂಡು ಬಂದು ನಿಂತಿರುತ್ತದೆ. ಸೇರಿಸಿಕೊಂಡರೆ ಆಟ ಕೆಡುತ್ತದೆ, ಬಿಟ್ಟರೆ ಅಳು ಶುರುವಾಗುತ್ತದೆ, ಅಳು ಕೇಳಿ ಒಳಗಿನಿಂದ ಅಜ್ಜಿ ಕೂಗುತ್ತಾರೆ. ಮಕ್ಕಳು ಇದಕ್ಕೆ ಎಷ್ಟೋ ತಲೆಮಾರುಗಳ ಹಿಂದೆಯೇ ಪರಿಹಾರ ಕಂಡುಕೊಂಡಿದ್ದಾರೆ. ‘ಇವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ.’ ಅಲ್ಲಿಗೆ ಮುಗಿಯಿತು. ಆ ಕೂಸು ಎಲ್ಲರ ಜೊತೆ ಓಡುತ್ತದೆ, ಬೀಳುತ್ತದೆ, ಕೂಗುತ್ತದೆ. ಔಟಾದರೆ ಔಟಲ್ಲ, ಗೆದ್ದರೆ ಗೆದ್ದಂತೆಯೂ ಅಲ್ಲ. ಕೂಸಿಗೆ ಇದು ತಿಳಿಯುವುದಿಲ್ಲ, ಖುಷಿಯಾಗಿಯೇ ಇರುತ್ತದೆ. ತಿಳಿಯುವ ವಯಸ್ಸಿನವರಿಗೆ ಇದೇ ಮಾತನ್ನು ಹೇಳಿದರೆ ಅವರು ಹೇಗೆ ಆಡುತ್ತಾರೆ?

ಹಾಗೆ ಹೇಳಿಸಿಕೊಂಡೂ ಆಡಿ, ಆಡಿ ಗೆದ್ದ ಒಂದು ತಂಡದ ಕಥೆ ನನಗೆ ಗೊತ್ತು. ಊರು ಸ್ಪೇನ್ ದೇಶದ ಮ್ಯಾಡ್ರಿಡ್. ಆಟ ಫುಟ್‌ಬಾಲ್. ವರ್ಷ 1983–84. ತಂಡದ ಹೆಸರು ಕಾಸ್ತಿಯಾ. ಫುಟ್‌ಬಾಲ್ ನಮಗ್ಯಾಕೆ ಎಂದು ದಯವಿಟ್ಟು ಪುಟ ಮಗುಚಬೇಡಿ. ನಾನೂ ಆಟಗಾರ್ತಿಯೇನಲ್ಲ. ಇತಿಹಾಸದ ಪಾಠ ಹೇಳಿಕೊಂಡು ಬಂದವಳು. ರಾಜರ ವಂಶಾವಳಿ, ಯುದ್ಧದ ಇಸವಿ, ಒಪ್ಪಂದದ ಷರತ್ತು ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ನನಗೆ ಒಂದು ವಿಷಯ ಮಾತ್ರ ಮನದಟ್ಟಾಗಿದೆ: ಪಟ್ಟಕ್ಕೆ ಏರಿದವರ ಇತಿಹಾಸ ಸುಲಭವಾಗಿ ಸಿಗುತ್ತದೆ, ಏರಲು ಹಕ್ಕಿಲ್ಲದವರದ್ದನ್ನು ಹುಡುಕಬೇಕು. ಕಾಸ್ತಿಯಾದ ಕಥೆ ಆ ಎರಡನೇ ಜಾತಿಯದು.

ಮೊದಲು ಅಲ್ಲಿನ ಪದ್ಧತಿಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಸ್ಪೇನಿನ ಫುಟ್‌ಬಾಲ್ ಲೀಗು ಮಹಡಿ ಮಹಡಿಯಾಗಿ ಕಟ್ಟಿದ ಮನೆಯಿದ್ದಂತೆ. ಮೇಲಿನದು ಮೊದಲನೇ ದರ್ಜೆ, ಅದರ ಕೆಳಗೆ ಎರಡನೆಯದು, ಅದರ ಕೆಳಗೆ ಮತ್ತೆ ಕೆಲವು. ವರ್ಷದ ಕೊನೆಗೆ ಮೇಲಿನ ಮಹಡಿಯಲ್ಲಿ ಕಡೆಯ ಸ್ಥಾನಗಳಲ್ಲಿ ನಿಂತವರು ಕೆಳಗಿಳಿಯುತ್ತಾರೆ, ಕೆಳಗೆ ಮುಂದಿದ್ದವರು ಮೇಲೇರುತ್ತಾರೆ. ಆ ಕಾಲದಲ್ಲಿ ಎರಡನೇ ದರ್ಜೆಯಲ್ಲಿ 20 ತಂಡಗಳು. ಒಂದೊಂದು ತಂಡಕ್ಕೂ 38 ಪಂದ್ಯ. ಗೆದ್ದರೆ 2 ಅಂಕ, ಸಮನಾದರೆ 1. ಕೊನೆಗೆ 3 ತಂಡಗಳಿಗೆ ಬಡ್ತಿ. ಬಡ್ತಿ ಎಂದರೆ ಬರಿಯ ಗೌರವವಲ್ಲ. ದೊಡ್ಡ ಊರುಗಳ ತಂಡಗಳು ನಮ್ಮೂರಿಗೆ ಬಂದು ಆಡುತ್ತವೆ, ಟಿಕೆಟ್ ಮಾರಾಟ ಹೆಚ್ಚುತ್ತದೆ, ಪೇಟೆಗೆ ವ್ಯಾಪಾರ ಬರುತ್ತದೆ. ಹಾಗಾಗಿ ಸಣ್ಣ ಊರಿನ ಜನ ಅದಕ್ಕಾಗಿ ಹರಕೆ ಹೊರುವುದೊಂದು ಬಾಕಿ.

ಈ ಎರಡನೇ ದರ್ಜೆಯಲ್ಲಿ ಸಣ್ಣ ಊರುಗಳ ತಂಡಗಳ ಜೊತೆಗೆ ದೊಡ್ಡ ಕ್ಲಬ್ಬುಗಳ ಮೀಸಲು ತಂಡಗಳೂ ಆಡುತ್ತವೆ. ಮನೆಯಲ್ಲಿ ಬೆಳೆಯುತ್ತಿರುವ ಹುಡುಗರನ್ನು ಸುಮ್ಮನೆ ಕೂರಿಸದೆ, ನಿಜವಾದ ಪೆಟ್ಟು ತಿನ್ನುವ ಕಡೆ ಪಳಗಿಸಬೇಕೆಂದು ಕ್ಲಬ್ಬುಗಳು ಮಾಡಿಕೊಂಡ ಏರ್ಪಾಡು ಇದು. ರಿಯಲ್ ಮ್ಯಾಡ್ರಿಡ್ ಎಂಬ ದೊಡ್ಡ ಕ್ಲಬ್ಬಿನ ಮೀಸಲು ತಂಡವೇ ಕಾಸ್ತಿಯಾ. ಇದರ ಮೂಲ ತಮಾಷೆಯಾಗಿದೆ. ಪ್ಲಸ್ ಅಲ್ಟ್ರಾ ಎಂಬ ವಿಮಾ ಕಂಪನಿಯ ಹೆಸರಿನ ತಂಡವೊಂದು ಮ್ಯಾಡ್ರಿಡ್‌ನಲ್ಲಿತ್ತು. ಅದು ರಿಯಲ್ ಮ್ಯಾಡ್ರಿಡ್‌ನ ಕೈಕೆಳಗಿನ ತಂಡವಾಗಿ ಕೆಲಕಾಲ ನಡೆದು, 1972ರಲ್ಲಿ ಅದರ ಜಾಗದಲ್ಲಿ ಕಾಸ್ತಿಯಾ ಹುಟ್ಟಿತು.

ಮೀಸಲು ತಂಡಗಳಿಗೆ ಒಂದು ಕಟ್ಟುಪಾಡು ಇದೆ. ಮನೆಯ ದೊಡ್ಡ ತಂಡ ಇರುವ ದರ್ಜೆಗೆ ಚಿಕ್ಕ ತಂಡ ಏರುವಂತಿಲ್ಲ. ಯಾಕೆಂದು ಯೋಚಿಸಿದರೆ ತಿಳಿಯುತ್ತದೆ. ಒಂದೇ ಯಜಮಾನನ ಎರಡು ತಂಡಗಳು ಒಂದೇ ಲೀಗಿನಲ್ಲಿ ಎದುರುಬದುರಾದರೆ, ಅಣ್ಣನಿಗೆ ಅಂಕ ಬೇಕಾದ ದಿನ ತಮ್ಮ ಮನಸ್ಸಿಟ್ಟು ಆಡಿಯಾನೇ? ಆಡಿದರೂ ನೋಡಿದವರು ನಂಬಿಯಾರೇ? ತಾಯಿ ತನ್ನ ಮಗಳ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಬಾರದು ಎನ್ನುವುದಿಲ್ಲವೇ, ಹಾಗೆ. ಆದ್ದರಿಂದ ಕಾಸ್ತಿಯಾ 38 ಪಂದ್ಯಗಳನ್ನೂ ಆಡಬಹುದು, ಗೆಲ್ಲಬಹುದು, ಎದುರಾಳಿಯ ಅಂಕ ಕಸಿಯಬಹುದು. ಮೇಲೆ ಹೋಗುವ ಬಾಗಿಲು ಮಾತ್ರ ಮುಚ್ಚಿದೆ. ಕೆಳಗಿಳಿಯುವ ಬಾಗಿಲು ತೆರೆದೇ ಇದೆ!

ಹಾಗೆಂದು ಈ ಹುಡುಗರು ಕೈಕಟ್ಟಿ ಕೂತವರಲ್ಲ. 1983ಕ್ಕೆ ಮುಂಚೆಯೇ ಒಮ್ಮೆ ದೊಡ್ಡವರನ್ನು ಬೆಚ್ಚಿಬೀಳಿಸಿದ್ದರು. ಸ್ಪೇನಿನಲ್ಲಿ ಲೀಗು ಬೇರೆ, ರಾಜನ ಹೆಸರಿನ ಕಪ್ಪು ಬೇರೆ. ಆಗ ಕಪ್ಪಿನಲ್ಲಿ ದರ್ಜೆಯ ಭೇದವಿಲ್ಲದೆ ಮೀಸಲು ತಂಡಗಳಿಗೂ ಅವಕಾಶವಿತ್ತು. 1979–80ರ ಕಪ್ಪಿನಲ್ಲಿ ಕಾಸ್ತಿಯಾ ಮೊದಲ ದರ್ಜೆಯ ತಂಡಗಳನ್ನು ಒಂದೊಂದಾಗಿ ಸೋಲಿಸುತ್ತ ಹೋಯಿತು. ಅಥ್ಲೆಟಿಕ್ ಬಿಲ್ಬಾವೊ ಸೋತಿತು. ಆ ವರ್ಷದ ಲೀಗಿನಲ್ಲಿ ಎರಡನೆಯ ಸ್ಥಾನ ಪಡೆದ ರಿಯಲ್ ಸೊಸಿಯೆದಾದ್ ಸೋತಿತು, ಮೂರನೆಯ ಸ್ಥಾನದ ಸ್ಪೋರ್ಟಿಂಗ್ ಗಿಹೋನ್ ಕೂಡ ಸೋತಿತು. ಫೈನಲ್ಲಿಗೆ ಬಂದು ನಿಂತಾಗ ಎದುರಿಗೆ ಇದ್ದವರು ಯಾರು? ಸ್ವಂತ ಮನೆಯ ಹಿರಿಯರಾದ ರಿಯಲ್ ಮ್ಯಾಡ್ರಿಡ್! 1980ರ ಜೂನ್ 4ರಂದು, ಹಿರಿಯರದೇ ಮೈದಾನದಲ್ಲಿ, ಹಿರಿಯರು 6–1ರಿಂದ ಗೆದ್ದರು.

ಆದರೆ ಆ ಸೋಲಿನಿಂದ ಒಂದು ಬಾಗಿಲು ತೆರೆಯಿತು. ಹಿರಿಯರು ಲೀಗನ್ನೂ ಗೆದ್ದಿದ್ದರಿಂದ ಯುರೋಪಿನ ದೊಡ್ಡ ಕಪ್ಪಿಗೆ ಹೋದರು. ಕಪ್ ವಿಜೇತರಿಗೆಂದು ಇದ್ದ ಮತ್ತೊಂದು ಯುರೋಪಿಯನ್ ಪಂದ್ಯಾವಳಿಯ ಜಾಗ ಫೈನಲ್ಲಿನಲ್ಲಿ ಸೋತ ಕಾಸ್ತಿಯಾಕ್ಕೆ ಬಂತು. ಮೊದಲ ಸುತ್ತಿನಲ್ಲೇ ಇಂಗ್ಲೆಂಡಿನ ವೆಸ್ಟ್ ಹ್ಯಾಮ್. ಮ್ಯಾಡ್ರಿಡ್‌ನಲ್ಲಿ ಹುಡುಗರು 3–1ರಿಂದ ಗೆದ್ದರು. ಅಂದು ಇಂಗ್ಲಿಷ್ ಅಭಿಮಾನಿಗಳು ಎಬ್ಬಿಸಿದ ಗಲಾಟೆಗೆ ಶಿಕ್ಷೆಯಾಗಿ ಲಂಡನ್ನಿನ ಮರುಪಂದ್ಯ ಪ್ರೇಕ್ಷಕರಿಲ್ಲದೆ ನಡೆಯಿತು. ಖಾಲಿ ಮೈದಾನದಲ್ಲಿ, ಹೆಚ್ಚುವರಿ ಸಮಯದ ಆಟದ ನಂತರ, ವೆಸ್ಟ್ ಹ್ಯಾಮ್ 5–1ರಿಂದ ಗೆದ್ದಿತು. ತಮ್ಮ ದೇಶದಲ್ಲಿ ಮೇಲಿನ ಮಹಡಿ ಹತ್ತಲಾಗದ ಹುಡುಗರು ಯುರೋಪಿನ ಪಂದ್ಯಾವಳಿಯಲ್ಲಿ ಆಡಿ ಬಂದಿದ್ದರು. 1990ರ ದಶಕ ಬರುವ ಹೊತ್ತಿಗೆ ಮೀಸಲು ತಂಡಗಳನ್ನು ಆ ಕಪ್ಪಿನಿಂದಲೂ ಹೊರಗಿಟ್ಟರು.

ಈಗ ನಮ್ಮ ವರ್ಷಕ್ಕೆ ಬರೋಣ. ಅದರ ಹಿಂದಿನ ವರ್ಷ, 1982–83ರಲ್ಲಿ, ಹಿರಿಯರ ಮನೆಯಲ್ಲಿ ಸಂತೋಷವಿರಲಿಲ್ಲ. ಆಟದ ದಿನಗಳಲ್ಲಿ ಜಗತ್ತೇ ಕೊಂಡಾಡಿದ ಆಲ್ಫ್ರೆಡೊ ಡಿ ಸ್ಟೆಫಾನೊ ಈಗ ತರಬೇತುದಾರ. ಆ ಒಂದೇ ವರ್ಷದಲ್ಲಿ ರಿಯಲ್ ಮ್ಯಾಡ್ರಿಡ್ ಐದು ಪ್ರಶಸ್ತಿಗಳ ಹತ್ತಿರ ಹೋಗಿ ಐದರಲ್ಲೂ ಎರಡನೆಯದಾಗಿ ನಿಂತಿತ್ತು. ಮೊದಲನೇ ತಂಡವೆಂದು ಹೆಸರು, ಕೈಗೆ ಸಿಕ್ಕಿದ್ದೆಲ್ಲ ಎರಡನೇ ಸ್ಥಾನ. ಕೆಳಗೆ ಕಾಸ್ತಿಯಾದಲ್ಲಿ ಅಮಾನ್ಸಿಯೊ ಅಮಾರೊ ಹುಡುಗರನ್ನು ತಿದ್ದುತ್ತಿದ್ದರು. ಇವರೂ ಅದೇ ಕ್ಲಬ್ಬಿನ ಹಳೆಯ ಹುಲಿ. 1962ರಿಂದ 1976ರವರೆಗೆ ಆಡಿ, 1966ರಲ್ಲಿ ಯುರೋಪಿಯನ್ ಕಪ್ ಗೆದ್ದ ತಂಡದಲ್ಲಿದ್ದವರು.

ಅಮಾನ್ಸಿಯೊ ಕೈಯಲ್ಲಿದ್ದ ಹುಡುಗರಲ್ಲಿ ಐವರು ಎದ್ದು ಕಾಣುತ್ತಿದ್ದರು. ಎಮಿಲಿಯೊ ಬುತ್ರಗೇನ್ಯೊ, ಮಿಚೆಲ್, ಮನೋಲೊ ಸಾಂಚಿಸ್, ಮಾರ್ಟಿನ್ ವಾಸ್ಕೆಸ್, ಮಿಗೆಲ್ ಪಾರ್ದೇಸಾ. ಎಲ್ಲರೂ 18ರಿಂದ 20ರ ಆಸುಪಾಸಿನವರು. ನಾಲ್ವರು ಮ್ಯಾಡ್ರಿಡ್‌ನಲ್ಲೇ ಹುಟ್ಟಿದವರು. ಪಾರ್ದೇಸಾ ಒಬ್ಬ ದಕ್ಷಿಣದ ಉವೆಲ್ವಾ ಪ್ರಾಂತದ ಸಣ್ಣ ಊರಿನಿಂದ ಬಂದವನು. ಸಾಂಚಿಸ್‌ನ ತಂದೆಯೂ 1966ರ ಆ ಯುರೋಪಿಯನ್ ಕಪ್ ತಂಡದ ಆಟಗಾರ. ಮನೆಯಲ್ಲೇ ಹಿರಿಯರ ಪದಕ ನೋಡಿಕೊಂಡು ಬೆಳೆದ ಹುಡುಗ ಹೊರಗೆ ಮೀಸಲು ತಂಡದಲ್ಲಿ ಸರದಿ ಕಾಯುತ್ತಿದ್ದ.

1983ರ ನವೆಂಬರ್ 14ರಂದು ‘ಎಲ್ ಪಾಯಿಸ್’ ಪತ್ರಿಕೆಯಲ್ಲಿ ಹೂಲಿಯೊ ಸೆಸಾರ್ ಇಗ್ಲೆಸಿಯಾಸ್ ಎಂಬ ಪತ್ರಕರ್ತರು ಈ ಹುಡುಗರ ಬಗ್ಗೆ ಒಂದು ಲೇಖನ ಬರೆದರು. ‘ಅಮಾನ್ಸಿಯೊ ಮತ್ತು ರಣಹದ್ದಿನ ಕಿಂತಾ’ ಎಂಬರ್ಥದ ಶೀರ್ಷಿಕೆ. ಸ್ಪ್ಯಾನಿಷ್‌ನಲ್ಲಿ ‘ಬುಯಿತ್ರೆ’ ಎಂದರೆ ರಣಹದ್ದು. ಬುತ್ರಗೇನ್ಯೊನ ಹೆಸರನ್ನು ತಿರುಚಿ ಮಾಡಿದ ಅಡ್ಡಹೆಸರು ಅದು. ‘ಕಿಂತಾ’ ಎಂದರೆ ಒಂದೇ ವರ್ಷದಲ್ಲಿ ಕಡ್ಡಾಯ ಸೈನ್ಯಸೇವೆಗೆ ಕರೆಬಂದ ಹುಡುಗರ ಗುಂಪು, ನಾವು ‘ನಮ್ಮ ಬ್ಯಾಚಿನವರು’ ಅನ್ನುತ್ತೇವಲ್ಲ, ಆ ಅರ್ಥ. ಐದಕ್ಕೆ ಹತ್ತಿರದ ಶಬ್ದವೂ ಹೌದಾದ್ದರಿಂದ ಐವರಿಗೆ ಸರಿಯಾಗಿ ಕೂತಿತು. ಗಮನಿಸಬೇಕಾದ್ದು ದಿನಾಂಕ. ಅಂದಿಗೆ ಆ ಐವರಲ್ಲಿ ನಾಲ್ವರು ಹಿರಿಯರ ಲೀಗಿನಲ್ಲಿ ಒಂದು ನಿಮಿಷವೂ ಆಡಿರಲಿಲ್ಲ. ಸರ್ವಾಧಿಕಾರಿ ಫ್ರಾಂಕೊ 1975ರಲ್ಲಿ ಸತ್ತು, 1977ರಲ್ಲಿ ಚುನಾವಣೆ ನಡೆದು, ಎಳೆಯ ಪ್ರಜಾಪ್ರಭುತ್ವದಲ್ಲಿ ಹೊಸ ಮುಖಗಳಿಗೆ ಕಾದಿದ್ದ ದೇಶ ಅದು. ಜನ ಎರಡನೇ ದರ್ಜೆಯ ಪಂದ್ಯ ನೋಡಲು ಸೇರತೊಡಗಿದರು.

ಚೆನ್ನಾಗಿ ಆಡಿದ್ದಕ್ಕೆ ಮೀಸಲು ತಂಡಕ್ಕೆ ಸಿಗುವ ಬಹುಮಾನ ವಿಚಿತ್ರವಾದದ್ದು. ಅದರ ಒಳ್ಳೆಯ ಆಟಗಾರರನ್ನು ಮೇಲಿನವರು ಎತ್ತಿಕೊಂಡು ಹೋಗುತ್ತಾರೆ! ಡಿಸೆಂಬರ್ 4ರಂದು ಡಿ ಸ್ಟೆಫಾನೊ ಸಾಂಚಿಸ್ ಮತ್ತು ಮಾರ್ಟಿನ್ ವಾಸ್ಕೆಸ್ ಇಬ್ಬರನ್ನೂ ಮುರ್ಸಿಯಾ ಊರಿನ ಪಂದ್ಯಕ್ಕೆ ಕರೆದೊಯ್ದರು. ಪಂದ್ಯದ ಒಂದೇ ಗೋಲನ್ನು ಹೊಡೆದವನು ಹದಿನೆಂಟರ ಸಾಂಚಿಸ್. 1984ರ ಫೆಬ್ರವರಿ 5ರಂದು ಕಾದಿಸ್ ಊರಿನಲ್ಲಿ ಹಿರಿಯರು 0–2ರಿಂದ ಹಿಂದೆ ಬಿದ್ದಿದ್ದಾಗ ಬುತ್ರಗೇನ್ಯೊನನ್ನು ಕಣಕ್ಕಿಳಿಸಿದರು. ಅವನು ಎರಡು ಗೋಲು ಹೊಡೆದ. ರಿಯಲ್ ಮ್ಯಾಡ್ರಿಡ್ 3–2ರಿಂದ ಗೆದ್ದಿತು. ಅಲ್ಲಿಂದ ಅವನು ಕೆಳಗಿನವರಿಗೆ ಸಿಗಲಿಲ್ಲ.

ಉಳಿದವರಲ್ಲಿ ನನಗೆ ಇಷ್ಟವಾದವನು ಮಿಚೆಲ್. 1982ರ ಏಪ್ರಿಲ್‌ನಲ್ಲಿ ಸ್ಪೇನಿನ ವೃತ್ತಿಪರ ಆಟಗಾರರು ಮುಷ್ಕರ ಹೂಡಿದಾಗ ಕ್ಲಬ್ಬುಗಳು ಎಳೆಯ ಹುಡುಗರನ್ನು ಕಣಕ್ಕೆ ಇಳಿಸಿದ್ದವು. ಏಪ್ರಿಲ್ 11ರಂದು ಕಾಸ್ತೆಯೋನ್ ವಿರುದ್ಧ ಮಿಚೆಲ್ ಹಿರಿಯರ ಅಂಗಿ ತೊಟ್ಟು ಆಡಿ ಗೋಲನ್ನೂ ಹೊಡೆದ. ಮುಷ್ಕರ ಮುಗಿಯಿತು, ಮಿಚೆಲ್ ಮತ್ತೆ ಕೆಳಗಿಳಿದ. ಒಮ್ಮೆ ದೊಡ್ಡ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಉಂಡವನು ಮರುದಿನ ಅಡುಗೆಮನೆಗೆ ವಾಪಸ್ಸು. ಗೆಳೆಯರು ಒಬ್ಬೊಬ್ಬರಾಗಿ ಮೇಲೆ ಹೋಗುತ್ತಿದ್ದ ಆ ವರ್ಷ ಅವನು ಕಾಸ್ತಿಯಾದಲ್ಲೇ ಉಳಿದು ಲೀಗನ್ನು ಪೂರ್ತಿ ಮಾಡಿದ. ಮೇಲಕ್ಕೆ ಕರೆ ಬಂದದ್ದು ಮುಂದಿನ ಋತುವಿಗೆ.

1984ರಲ್ಲಿ ಲೀಗು ಮುಗಿದಾಗ ಎರಡನೇ ದರ್ಜೆಯ ಪಟ್ಟಿಯಲ್ಲಿ ಮೊದಲ ಹೆಸರು ಕಾಸ್ತಿಯಾ. ಎರಡನೆಯ ಹೆಸರು ಬಿಲ್ಬಾವೊ ಅಥ್ಲೆಟಿಕ್, ಅಂದರೆ ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ಬಿನ ಮೀಸಲು ತಂಡ. ಮೇಲಿನ ದರ್ಜೆಯ ಪಟ್ಟಿ ನೋಡಿದರೆ ಅಲ್ಲೂ ಇದೇ ಎರಡು ಮನೆಗಳು. ಅಥ್ಲೆಟಿಕ್ ಬಿಲ್ಬಾವೊ ಮತ್ತು ರಿಯಲ್ ಮ್ಯಾಡ್ರಿಡ್ ಎರಡಕ್ಕೂ 49 ಅಂಕ, ಪಟ್ಟ ಬಿಲ್ಬಾವೊಗೆ. ಮೇಲೆ ಬಿಲ್ಬಾವೊದ ಹಿರಿಯರು ಮ್ಯಾಡ್ರಿಡ್‌ನ ಹಿರಿಯರನ್ನು ಹಿಂದಿಕ್ಕಿದರೆ, ಕೆಳಗೆ ಮ್ಯಾಡ್ರಿಡ್‌ನ ಕಿರಿಯರು ಬಿಲ್ಬಾವೊದ ಕಿರಿಯರನ್ನು ಹಿಂದಿಕ್ಕಿದ್ದರು. ರಿಯಲ್ ಮ್ಯಾಡ್ರಿಡ್ ಕ್ಲಬ್ಬಿಗೆ ಆ ವರ್ಷದ ಲೀಗಿನ ಪಟ್ಟ ತಂದುಕೊಟ್ಟವರು ಲೆಕ್ಕಕ್ಕಿಲ್ಲದ ಹುಡುಗರು.

ಬಡ್ತಿ ಯಾರಿಗೆ ಸಿಕ್ಕಿತು? ಮೊದಲಿಬ್ಬರನ್ನು ಬಿಟ್ಟು, ಅವರ ಹಿಂದೆ ಇದ್ದ ಅಲಿಕಾಂತೆ ಊರಿನ ಎರ್ಕುಲೆಸ್, ಸಾಂತಾಂದೇರ್ ಊರಿನ ರೇಸಿಂಗ್, ಮತ್ತು ಎಲ್ಚೆ. ಆ ಊರುಗಳಲ್ಲಿ ಹಬ್ಬವಾಗಿರಬೇಕು, ಆಗಲಿ. ಅವರದ್ದೇನೂ ತಪ್ಪಿಲ್ಲ. ಚಾಂಪಿಯನ್ ತಂಡ ಮಾತ್ರ ಮುಂದಿನ ವರ್ಷ ಅದೇ ದರ್ಜೆಯಲ್ಲಿ, ಬೇರೆ ಹುಡುಗರನ್ನು ಕಟ್ಟಿಕೊಂಡು, ಮೊದಲ ಪಂದ್ಯದಿಂದ ಮತ್ತೆ ಶುರುಮಾಡಿತು.

ಈ ಪಟ್ಟಿಯನ್ನು ನಾನು ಸುಮ್ಮನೆ ಓದಿ ಬಿಡಲಾರೆ. ಅದಕ್ಕೆ ಕಾರಣವಿದೆ. ಊರಿನ ಕಾಲೇಜೊಂದರಲ್ಲಿ ನಾನು ಒಂಬತ್ತು ವರ್ಷ ಅರೆಕಾಲಿಕ ಉಪನ್ಯಾಸಕಿಯಾಗಿದ್ದೆ. ಪ್ರತಿ ಜೂನ್‌ನಲ್ಲಿ ಹೊಸ ಅರ್ಜಿ, ಮಾರ್ಚ್ ಬಂತೆಂದರೆ ಸೇವೆ ಮುಕ್ತಾಯ. ಅರೆಕಾಲಿಕ ಎನ್ನುವುದು ಸಂಬಳಕ್ಕೆ ಮಾತ್ರ. ಪಾಠ, ಕಿರುಪರೀಕ್ಷೆ, ಉತ್ತರಪತ್ರಿಕೆ, ಕಾಲೇಜು ದಿನಾಚರಣೆಯ ರಂಗೋಲಿ ಎಲ್ಲವೂ ಪೂರ್ಣಕಾಲಿಕವೇ. ಒಂದು ವರ್ಷ ಇತಿಹಾಸದಲ್ಲಿ ಪರೀಕ್ಷೆಗೆ ಕೂತ ಅಷ್ಟೂ ಮಕ್ಕಳು ತೇರ್ಗಡೆಯಾದರು. ಸ್ಟಾಫ್‌ರೂಮಿನಲ್ಲಿ ಪೇಡ ಹಂಚಿದರು, ನನಗೂ ಒಂದು ಬಂತು. ವಾರ್ಷಿಕ ವರದಿ ಅಚ್ಚಾಗಿ ಬಂದಾಗ ಅದರಲ್ಲಿ ಇತಿಹಾಸ ವಿಭಾಗದ ಹೆಸರಿತ್ತು, ಶೇಕಡಾ ನೂರರ ಫಲಿತಾಂಶವಿತ್ತು, ನನ್ನ ಹೆಸರಿರಲಿಲ್ಲ. ಕೇಳಿದೆ. ‘ಅರೆಕಾಲಿಕದವರ ಹೆಸರು ಹಾಕೋ ಪದ್ಧತಿ ಇಲ್ಲಮ್ಮ’ ಎಂದರು. ಹೇಳಿದವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಇಂದಿಗೂ ನನಗೆ ನೆನಪಿರುವುದು ಆ ಸಹಜ ದನಿಯೇ.

ನೀವೂ ಇಂಥದೊಂದನ್ನು ಕಂಡಿರುತ್ತೀರಿ. ಅತ್ತೆಯ ಔಷಧಿಯಿಂದ ಮಕ್ಕಳ ಫೀಸಿನವರೆಗೆ ಎಲ್ಲ ಗೊತ್ತಿದ್ದವಳಿಗೆ ಸೈಟಿನ ಪತ್ರ ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ಅಂಗಡಿಯಲ್ಲಿ ದಿನವಿಡೀ ಗಲ್ಲದ ಮುಂದೆ ಕೂತವಳ ಹೆಸರು ಬೋರ್ಡಿನ ಮೇಲೆ ಇರುವುದಿಲ್ಲ. ಇಂಥ ಹೊತ್ತಿನಲ್ಲಿ ನಮಗೆ ಹೇಳುವ ಸಮಾಧಾನದ ಮಾತು ಒಂದಿದೆ: ಮಾಡಿದ ಕೆಲಸವೇ ಮುಖ್ಯ, ಹೆಸರು ಯಾಕೆ ಬೇಕು? ಕಾಸ್ತಿಯಾದ ಕಥೆಯನ್ನೂ ಆ ಸಮಾಧಾನಕ್ಕೆ ಬಳಸಿಕೊಳ್ಳಬಹುದು. ನೋಡಿ, ಬಡ್ತಿ ಇಲ್ಲದೆಯೂ ಎಷ್ಟು ಚೆನ್ನಾಗಿ ಆಡಿದರು ಎಂದು. ನನಗೆ ಆ ನೀತಿ ಒಪ್ಪಿಗೆಯಿಲ್ಲ.

ಯಾಕೆಂದರೆ ಕಾಸ್ತಿಯಾದ ಕಟ್ಟುಪಾಡಿಗೂ ನಮ್ಮ ‘ಪದ್ಧತಿ’ಗೂ ವ್ಯತ್ಯಾಸವಿದೆ. ಕಾಸ್ತಿಯಾಕ್ಕೆ ಬಡ್ತಿಯಿಲ್ಲ ಎಂಬುದು ಮೊದಲ ಪಂದ್ಯಕ್ಕೆ ಮುಂಚೆಯೇ ಎಲ್ಲರಿಗೂ ಗೊತ್ತಿತ್ತು. ಅದೇ ನಿಯಮ ಬಿಲ್ಬಾವೊದ ಹುಡುಗರಿಗೂ ಇತ್ತು, ಎಲ್ಲ ಮೀಸಲು ತಂಡಗಳಿಗೂ ಇತ್ತು. ಅದಕ್ಕೊಂದು ಕಾರಣವಿತ್ತು, ಒಂದೇ ಸಾಲಿನಲ್ಲಿ ಹೇಳಬಹುದಾದ ಕಾರಣ. ಎಲ್ಲಕ್ಕಿಂತ ಹೆಚ್ಚಾಗಿ, ತಂಡಕ್ಕೆ ಮುಚ್ಚಿದ ಬಾಗಿಲು ಹುಡುಗರಿಗೆ ಮುಚ್ಚಿರಲಿಲ್ಲ. ಹದಿನೆಂಟರ ಸಾಂಚಿಸ್ ಡಿಸೆಂಬರ್‌ನಲ್ಲೇ ಮೇಲೆ ಹೋದ. ಅರೆಕಾಲಿಕ ಉಪನ್ಯಾಸಕಿಯ ಹೆಸರು ವರದಿಯಲ್ಲಿ ಬರಬಾರದು ಎಂಬುದಕ್ಕೆ ಕಾರಣ ಕೇಳಿದರೆ ಸಿಗುವ ಉತ್ತರ ‘ಮೊದಲಿಂದ ಹಾಗೇ’ ಎಂಬುದೊಂದೇ. ‘ಲೆಕ್ಕಕ್ಕಿಲ್ಲ’ ಎಂದವರನ್ನು ‘ಯಾಕೆ?’ ಎಂದು ಕೇಳಬೇಕು. ಕಾರಣ ಕೊಟ್ಟರೆ ನಿಯಮ, ಕೊಡದಿದ್ದರೆ ಬರೀ ರೂಢಿ.

ನಿಯಮವೂ ಕೆಲವೊಮ್ಮೆ ಕಠೋರವಾಗುತ್ತದೆ, ಅದನ್ನು ಮುಚ್ಚಿಡಬಾರದು. 2012ರಲ್ಲಿ ಸ್ಪೇನಿನ ವಿಯಾರಿಯಲ್ ಕ್ಲಬ್ಬಿನ ಹಿರಿಯರು ಮೊದಲ ದರ್ಜೆಯಿಂದ ಎರಡನೆಯದಕ್ಕೆ ಬಿದ್ದರು. ಎರಡನೇ ದರ್ಜೆಯಲ್ಲಿ ಪಟ್ಟಿಯ ನಡುವೆ ಕ್ಷೇಮವಾಗಿದ್ದ ಅವರದೇ ಮೀಸಲು ತಂಡ ಆಗ ಮೂರನೆಯದಕ್ಕೆ ಇಳಿಯಬೇಕಾಯಿತು. ಹಿರಿಯರ ಸೋಲಿಗೆ ಕಿರಿಯರು ದಂಡ ಕಟ್ಟಿದರು. ನಮ್ಮ ದೇಶಕ್ಕೂ ಈ ಏರ್ಪಾಡು ಬಂದಿದೆ. 2019–20ರ ಐ-ಲೀಗ್ ಎರಡನೇ ದರ್ಜೆಯಲ್ಲಿ ಬೆಂಗಳೂರು ಎಫ್‌ಸಿಯ ಮೀಸಲು ತಂಡ ಆಡಿತು. ಇಂಥ ತಂಡಗಳಿಗೆ ಅಲ್ಲೂ ಬಡ್ತಿಯ ಹಕ್ಕಿರಲಿಲ್ಲ. ನಮ್ಮಲ್ಲಿ ಚುನಾವಣೆ ಬಂದರೆ ‘ಬಿ ಟೀಮ್’ ಎಂಬುದು ಬೈಗುಳ. ಆ ಬೈಗುಳ ಕೇಳಿದಾಗಲೆಲ್ಲ ನನಗೆ ಆ ಹುಡುಗರ ಮುಖ ನೆನಪಾಗಿ, ಅವರಿಗೆ ಅವಮಾನವಾಯಿತಲ್ಲ ಅನ್ನಿಸುತ್ತದೆ.

ಮೇಲೇರಿದವರು ಏನು ಮಾಡಿದರು ಎಂಬುದು ಎಲ್ಲರಿಗೂ ತಿಳಿದ ಇತಿಹಾಸ. 1984ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಆಂಡರ್ಲೆಖ್ಟ್ ಎದುರು ಮೊದಲ ಪಂದ್ಯದಲ್ಲಿ 0–3ರಿಂದ ಸೋತಿದ್ದ ರಿಯಲ್ ಮ್ಯಾಡ್ರಿಡ್ ಮರುಪಂದ್ಯವನ್ನು 6–1ರಿಂದ ಗೆದ್ದಿತು. ಮೂರು ಗೋಲು ಬುತ್ರಗೇನ್ಯೊನದು. 1985 ಮತ್ತು 1986ರಲ್ಲಿ ಯುಇಎಫ್‌ಎ ಕಪ್ಪು ಬಂತು. 1986ರಿಂದ 1990ರವರೆಗೆ ಸತತ ಐದು ಸಲ ಲೀಗು. 1986ರ ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ದೂರದರ್ಶನದ ಮುಂದೆ ಮರಡೋನಾನ ಜಪ ನಡೆದಿತ್ತು. ಅದೇ ವಿಶ್ವಕಪ್ಪಿನಲ್ಲಿ ಜೂನ್ 18ರಂದು ಡೆನ್ಮಾರ್ಕ್ ವಿರುದ್ಧ ಸ್ಪೇನ್ 5–1ರಿಂದ ಗೆದ್ದಾಗ ಬುತ್ರಗೇನ್ಯೊ ಒಬ್ಬನೇ ನಾಲ್ಕು ಗೋಲು ಹೊಡೆದ. ಎರಡೂವರೆ ವರ್ಷದ ಹಿಂದೆ ಅವನು ಎರಡನೇ ದರ್ಜೆಯ ಆಟಗಾರ. ಯುರೋಪಿನ ಅತಿ ದೊಡ್ಡ ಕಪ್ಪು ಮಾತ್ರ ಆ ಬ್ಯಾಚಿಗೆ ಒಟ್ಟಾಗಿ ದಕ್ಕಲಿಲ್ಲ; 1987, 1988, 1989, ಮೂರು ವರ್ಷವೂ ಸೆಮಿಫೈನಲ್ಲಿನಲ್ಲೇ ನಿಂತರು. ಕೊನೆಯವರೆಗೆ ಉಳಿದ ಸಾಂಚಿಸ್ 1998 ಮತ್ತು 2000ದಲ್ಲಿ ಆ ಕಪ್ಪನ್ನು ಮುಟ್ಟಿದ.

ಪಾರ್ದೇಸಾನ ದಾರಿ ಬೇರೆಯಾಯಿತು. ಹಿರಿಯರ ತಂಡದಲ್ಲಿ ಜಾಗ ಸಿಗದೆ ಅವನು ಸರಗೋಸಾ ಊರಿನ ಕ್ಲಬ್ಬಿಗೆ ಹೋದ. ಅಲ್ಲಿ ಬಹುವರ್ಷ ಆಡಿ, 1995ರಲ್ಲಿ ಕಪ್ ವಿಜೇತರ ಕಪ್ಪನ್ನು ಗೆದ್ದ ತಂಡದಲ್ಲಿದ್ದ. ಆಟದ ಜೊತೆ ಸಾಹಿತ್ಯ ಓದಿಕೊಂಡ, ಮುಂದೆ ಗ್ರಂಥ ಸಂಪಾದನೆಯ ಕೆಲಸವನ್ನೂ ಮಾಡಿದ. ಇನ್ನು ಆ ಐವರನ್ನು ಬಿಟ್ಟರೆ? ಹನ್ನೊಂದು ಜನ ಬೇಕು ಒಂದು ತಂಡಕ್ಕೆ. ಫೆಬ್ರವರಿಯಲ್ಲಿ ಬುತ್ರಗೇನ್ಯೊ ಹೋದ ಮೇಲೂ ಪಂದ್ಯಗಳು ಬಾಕಿಯಿದ್ದವು, ಅವನ್ನೂ ಯಾರೋ ಆಡಿದರು, ಯಾರೋ ಗೋಲು ತಡೆದರು. ‘ರಣಹದ್ದಿನ ಬ್ಯಾಚು’ ಎಂದಾಗ ಅವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆದರೂ 1984ರ ಪಟ್ಟಿಯ ಮೊದಲ ಸಾಲು ಅವರದೂ ಹೌದು.

ಇನ್ನೊಂದು ಸಂಗತಿ ಹೇಳದಿದ್ದರೆ ಈ ಇತಿಹಾಸ ಅರ್ಧವೇ ಆಗುತ್ತದೆ. ಸಾಂಚಿಸ್ ಮೊದಲ ಗೋಲು ಹೊಡೆದ ಅದೇ ಮುರ್ಸಿಯಾದಲ್ಲಿ, 1971ರ ಫೆಬ್ರವರಿಯಲ್ಲಿ, ಸ್ಪೇನಿನ ಹೆಣ್ಣುಮಕ್ಕಳು ಪೋರ್ಚುಗಲ್ ಎದುರು ಆಡಿದ್ದರು. ಫ್ರಾಂಕೊ ಇನ್ನೂ ಬದುಕಿದ್ದ ಕಾಲ. ಫುಟ್‌ಬಾಲ್ ಒಕ್ಕೂಟ ಅದನ್ನು ಪಂದ್ಯವೆಂದೇ ಒಪ್ಪಲಿಲ್ಲ. ಹುಡುಗಿಯರು ದೇಶದ ಲಾಂಛನವನ್ನು ಎದೆಯ ಮೇಲೆ ಧರಿಸುವಂತಿರಲಿಲ್ಲ. ರೆಫರಿ ಕೂಡ ತನ್ನ ಸಮವಸ್ತ್ರ ಬಿಟ್ಟು ಟ್ರ್ಯಾಕ್‌ಸೂಟಿನಲ್ಲಿ ಸೀಟಿ ಊದಿದ. ಪಂದ್ಯ 3–3ರಲ್ಲಿ ಮುಗಿಯಿತು. ದಾಖಲೆಗೆ ಸೇರಲಿಲ್ಲ. ಆ ತಂಡದಲ್ಲಿ ಕೊಂಚಿ ಸಾಂಚೆಸ್ ಎಂಬ ಎಳೆಯ ಹುಡುಗಿಯಿದ್ದಳು. ಅವಳ ಆಟ ಕಂಡವರು ಇಟ್ಟ ಅಡ್ಡಹೆಸರು ಏನು ಗೊತ್ತೇ? ‘ಅಮಾನ್ಸಿಯೊ’! ರಿಯಲ್ ಮ್ಯಾಡ್ರಿಡ್‌ನಲ್ಲಿ ಆಗ ಆಡುತ್ತಿದ್ದ ಅದೇ ಅಮಾನ್ಸಿಯೊನ ಹೆಸರು. ಆ ಅಮಾನ್ಸಿಯೊ ಮುಂದೆ ಮೀಸಲು ತಂಡದ ಗುರುವಾದರು. ಈ ಅಮಾನ್ಸಿಯೊ ಆಟವಾಡಿ ಬದುಕಲು ಇಟಲಿಗೆ ಹೋಗಬೇಕಾಯಿತು.

ಕಾಸ್ತಿಯಾದ ಹುಡುಗರಿಗೆ ತಂಡ ಏರದಿದ್ದರೂ ತಾವು ಏರುವ ದಾರಿಯಿತ್ತು. ಈ ಹುಡುಗಿಯರಿಗೆ ಏರಲು ಮಹಡಿಯನ್ನೇ ಕಟ್ಟಿರಲಿಲ್ಲ. ‘ಯಾಕೆ?’ ಎಂದರೆ ಅಲ್ಲಿ ಸಿಕ್ಕುತ್ತಿದ್ದದ್ದೂ ರೂಢಿಯ ಉತ್ತರವೇ. ಒಕ್ಕೂಟ ಹೆಣ್ಣುಮಕ್ಕಳ ಫುಟ್‌ಬಾಲನ್ನು ಒಪ್ಪಿದ್ದು 1980ರಲ್ಲಿ. ಅವರ ರಾಷ್ಟ್ರೀಯ ತಂಡದ ಮೊದಲ ಅಧಿಕೃತ ಪಂದ್ಯ 1983ರ ಫೆಬ್ರವರಿ 5ರಂದು ನಡೆಯಿತು. ಬುತ್ರಗೇನ್ಯೊ ಕಾದಿಸ್‌ನಲ್ಲಿ ಕಣಕ್ಕಿಳಿಯುವುದಕ್ಕೆ ಸರಿಯಾಗಿ ಒಂದು ವರ್ಷ ಮುಂಚೆ. ಅವರ ಲೀಗಿಗೆ ವೃತ್ತಿಪರ ಎಂಬ ಮಾನ್ಯತೆ ಸಿಕ್ಕಿದ್ದು 2021ರಲ್ಲಿ.

ಮ್ಯಾಡ್ರಿಡ್‌ನ ಹೊರವಲಯದಲ್ಲಿ, ಕ್ಲಬ್ಬಿನ ತರಬೇತಿ ಆವರಣದೊಳಗೆ, ಕಾಸ್ತಿಯಾ ಆಡುವ ಸಣ್ಣ ಕ್ರೀಡಾಂಗಣವಿದೆ. 2006ರಲ್ಲಿ ಆರಂಭವಾದ ಅದಕ್ಕೆ ಡಿ ಸ್ಟೆಫಾನೊ ಹೆಸರು. 2020ರಲ್ಲಿ ಕೊರೊನಾದಿಂದ ಪಂದ್ಯಗಳು ಜನರಿಲ್ಲದೆ ನಡೆದಾಗ, ತಮ್ಮ ದೊಡ್ಡ ಮೈದಾನ ದುರಸ್ತಿಯಲ್ಲಿದ್ದ ಹಿರಿಯರು ಇಲ್ಲಿಗೆ ಬಂದು ಆಡಿದರು. ಆ ವರ್ಷದ ಲೀಗನ್ನು ಅವರು ಗೆದ್ದದ್ದು ಜುಲೈ 16ರಂದು, ಕಿರಿಯರ ಈ ಅಂಗಳದಲ್ಲೇ. ಅದೇ 2020ರಲ್ಲಿ ರಿಯಲ್ ಮ್ಯಾಡ್ರಿಡ್ ಮೊದಲ ಬಾರಿಗೆ ತನ್ನ ಹೆಸರಿನ ಹೆಣ್ಣುಮಕ್ಕಳ ತಂಡವನ್ನು ಕಣಕ್ಕಿಳಿಸಿತು. ಅವರಿಗೂ ಆಡಲು ಕೊಟ್ಟದ್ದು ಇದೇ ಕ್ರೀಡಾಂಗಣ.

2023ರ ಆಗಸ್ಟ್ 20ರಂದು ಸಿಡ್ನಿಯಲ್ಲಿ ಮಹಿಳಾ ವಿಶ್ವಕಪ್ಪಿನ ಫೈನಲ್ ನಡೆಯಿತು. ಸ್ಪೇನ್ ಇಂಗ್ಲೆಂಡನ್ನು 1–0ರಿಂದ ಸೋಲಿಸಿತು. ಆ ಒಂದು ಗೋಲು ಹೊಡೆದವಳು ಓಲ್ಗಾ ಕಾರ್ಮೋನಾ, ಆಗ ರಿಯಲ್ ಮ್ಯಾಡ್ರಿಡ್‌ನ ಆಟಗಾರ್ತಿ, ಕಾಸ್ತಿಯಾದ ಅಂಗಳದಲ್ಲಿ ವಾರವಾರ ಆಡುತ್ತಿದ್ದವಳು. ಎದೆಯ ಮೇಲೆ ದೇಶದ ಲಾಂಛನವಿತ್ತು. ಗೋಲು ದಾಖಲೆಗೆ ಸೇರಿತು.